ಜಾತ್ರೆಯೂ ಜಾಲದ ಪೂಜೆಯೂ



2020ರ ಸೆಪ್ಟೆಂಬರಿನಲ್ಲಿ ಮಹಾಮಾರಿಯ ನಿಮಿತ್ತ ಬಾಂದ್ರಾದ ಮೌಂಟ್ ಮೇರಿ ಜಾತ್ರೆಯು ನಿಂತು, ಭಕ್ತಾದಿಗಳು ಮನೆಯಲ್ಲಿಯೇ ಕುಳಿತು ಮೊಬೈಲಿನ ಪರದೆಯ ಮೇಲೆ ಅಂತರ್ಜಾಲದ ಬಲಿಪೂಜೆಯನ್ನು ಕಂಡಾಗ, ಇದು ಭಕ್ತಿಯ ಕ್ಷೀಣದೆಸೆಯೆಂದು ಮರುಗಿದವರುಂಟು. ನನಗಾದರೋ ಹಾಗೆ ತೋರಲಿಲ್ಲ. ಮುಂಬಯಿಯ ಮಗನೂ ಉಡುಪಿಯ ಕಡೆಯ ಮುದಿ ತಾಯಿಯೂ ಒಂದೇ ಪೂಜೆಗೆ ಕೂಡಿದುದು ಅಲ್ಪ ಲಾಭವೇ? ಹೀಗೆ ಕೂಡಿದವರು ಭೂಮಿಯ ಕಾಳಜಿಗೂ ಕೂಡಬಹುದಲ್ಲವೇ?

ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ ಭೂಮಿಯನ್ನು ಸಕಲರ ಸಮಾನ ಗೃಹವೆಂದು ಕರೆದಿರುವರು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ವರೆಗೆ ಕ್ರೈಸ್ತಸಭೆಗಳು ಆಚರಿಸುವ ಸೃಷ್ಟಿಯ ಋತುವಿನೊಳಗೇ ಸೆಪ್ಟೆಂಬರ್ 8ರ ಮೇರಿ ಮಾತೆಯ ಹಬ್ಬವೂ ಬರುತ್ತದೆ. ಹೀಗಿದ್ದೂ, ಕೈ, ಕಾಲು, ಮನೆ, ಮಗುವಿನ ಆಕಾರದ ಮೇಣದ ಹರಕೆಗಳನ್ನು ಮಾರುವ ಮೌಂಟ್ ಮೇರಿ ಗುಡ್ಡದ ಅಂಗಡಿಸಾಲಿನಲ್ಲಿ, ಹರಕೆಯು ಬಲಿಪೀಠವನ್ನು ಸೇರಿದ ಮೇಲೆ ಅದನ್ನು ತಂದ ಪ್ಲಾಸ್ಟಿಕ್ ಚೀಲವು ಮೆಟ್ಟಿಲ ಬದಿಯಲ್ಲಿ ಬಿದ್ದಿರುವುದನ್ನು ಕಾಣಬೇಕಾಗಿದೆ. (2018ರಿಂದ ಮಹಾರಾಷ್ಟ್ರದಲ್ಲಿ ಅಂಥ ಚೀಲಕ್ಕೆ ನಿಷೇಧವಿದೆಯೆಂಬುದು ಬೇರೆ ಮಾತು!)

ಆದ್ದರಿಂದ ಧರ್ಮಕೇಂದ್ರಗಳ ಗುರುಗಳಲ್ಲಿ ನನ್ನ ವಿನಂತಿಯಿಷ್ಟೆ: ಜಾಲದ ಪೂಜೆಯು ಮುಗಿದೊಡನೆ ಪರದೆಯನ್ನು ಆರಿಸದೆ, ಹಸಿಕಸ ಒಣಕಸಗಳ ವಿಂಗಡಣೆಯನ್ನೂ ಗೊಬ್ಬರದ ಗುಂಡಿಯನ್ನೂ ಕುರಿತು ಹತ್ತು ನಿಮಿಷ ಮಾತಿಗೆ ಎಡೆಗೊಡಿ. ಮೊದಲು ವೃದ್ಧರನ್ನು ಕೇಳಿ; ಏಕೆಂದರೆ ಬಟ್ಟೆಯ ಚೀಲ ಹಿಡಿದು ಪೇಟೆಗೆ ಹೋದವರು ಅವರೇ.

— ಓರ್ವ ಓದುಗ, ಬಾಂದ್ರಾ ಪಶ್ಚಿಮ, ಮುಂಬಯಿ