ಹಳೆಯ ಮನೆಗಾಡಿಯ ಆಯುಷ್ಯವನ್ನು ಅಳೆಯುವ ಬಗೆ

ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರವೂ ಇನ್ನೊಂದು ಮಗ್ಗುಲಲ್ಲಿ ಗುರುಪುರ ನದಿಯೂ ಇರುವ ಮಂಗಳೂರಿನ ಬೆಂಗ್ರೆಯ ಮರಳುದಿಬ್ಬದ ಮೇಲೆ ಕಬ್ಬಿಣದ ಯಾವ ವಸ್ತುವೂ ಆರೈಕೆಯಿಲ್ಲದೆ ಬಹುಕಾಲ ಬಾಳದು. ಕಿಟಕಿಯ ಸರಳು, ಗೇಟಿನ ಚಿಲಕ, ಸೈಕಲ್ಲಿನ ಚೈನು, ತಗಡಿನ ಮಾಡಿಗೆ ಹೊಡೆದ ಮೊಳೆ, ಯಾವುದನ್ನು ನೋಡಿದರೂ ಉಪ್ಪುಗಾಳಿಯ ಕೈವಾಡ ಕಣ್ಣಿಗೆ ಬೀಳುತ್ತದೆ. ಇಂಥ ಸ್ಥಳದಲ್ಲಿ ಇದ್ದುಕೊಂಡು, ಇಪ್ಪತ್ತು ವರ್ಷಗಳಿಗೂ ಹಿಂದೆ ಕಾರ್ಖಾನೆಯಿಂದ ಹೊರಬಂದ ಟೆಂಪೋ ಟ್ರಾವೆಲರೊಂದನ್ನು, ಅದರೊಳಗೆ ಇಬ್ಬರು ಮಲಗುವಷ್ಟು ಮಂಚ, ಒಂದು ಒಲೆ, ನೀರಿನ ಟಾಂಕಿ, ಪಾತ್ರೆ ತೊಳೆಯುವ ಪುಟ್ಟ ಸಿಂಕು ಇವಿಷ್ಟನ್ನೇ ಅಳವಡಿಸಿಕೊಂಡ ಮನೆಗಾಡಿಯನ್ನಾಗಿ ಇಟ್ಟುಕೊಂಡು ನಡೆಸುತ್ತಿರುವ ನನಗೆ, ಹಳೆಯ ವಾಹನಗಳ ಆಯುಷ್ಯವನ್ನು ನಿರ್ಣಯಿಸಲು ನಮ್ಮ ಕಾನೂನು ಹಿಡಿದಿರುವ ಅಳತೆಗೋಲು ಸರಿಯಲ್ಲವೆಂಬ ಅಭಿಪ್ರಾಯವು ವರ್ಷದಿಂದ ವರ್ಷಕ್ಕೆ ದೃಢವಾಗುತ್ತ ಬಂದಿದೆ. ಅದನ್ನು ಇಲ್ಲಿ ಸಕಾರಣವಾಗಿ ಮಂಡಿಸಬೇಕೆಂದಿದ್ದೇನೆ.

ಈ ಅಭಿಪ್ರಾಯವನ್ನು ನಾನು ಕಲಿತದ್ದು ಬೋಟುಗಳ ಸಮೀಪದಲ್ಲಿ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದಷ್ಟೆ. ಆ ಎರಡು ತಿಂಗಳು ಧಕ್ಕೆಯಲ್ಲಿಯೂ ಬೆಂಗ್ರೆಯ ದಡದಲ್ಲಿಯೂ ಬೋಟುಗಳು ವಿಶ್ರಮಿಸುತ್ತವೆಂದು ಹೊರಗಿನವರು ತಿಳಿಯಬಹುದಾದರೂ, ವಾಸ್ತವವಾಗಿ ಬೋಟಿನ ಮುಂದಿನ ವರ್ಷದ ಬಾಳು ನಿಶ್ಚಯವಾಗುವುದು ಆ ಬಿಡುವಿನಲ್ಲಿಯೇ. ಮೇಲೆಳೆದು ಒರಗಿಸಿದ ಬೋಟಿನ ತಳವನ್ನು ಕೆರೆದು, ಹಲಗೆಯನ್ನು ಅಂಗುಲ ಅಂಗುಲವಾಗಿ ತಟ್ಟಿ ನೋಡಿ, ಮೆತ್ತಗಾದ ಹಲಗೆಯನ್ನು ಕಿತ್ತು ಹೊಸದನ್ನು ಕೂಡಿಸಿ, ಸಂದುಗಳನ್ನು ತುಂಬಿ, ಬಣ್ಣವನ್ನೋ ಫೈಬರಿನ ಹೊದಿಕೆಯನ್ನೋ ಬಳಿದು, ಎಂಜಿನನ್ನು ಬಿಚ್ಚಿ ಜೋಡಿಸಿದ ಮೇಲಲ್ಲದೆ ಅದು ಮತ್ತೆ ಅಳಿವೆಯ ಬಾಗಿಲನ್ನು ದಾಟುವಂತಿಲ್ಲ. ಇಷ್ಟೆಲ್ಲ ನಡೆಯುವಾಗ ಬೋಟು ಎಷ್ಟನೆಯ ಇಸವಿಯದೆಂಬ ಪ್ರಶ್ನೆಯನ್ನು ಯಾರೂ ಮುಂದಿಡುವುದಿಲ್ಲ. ತಳ ಗಟ್ಟಿಯಿದೆಯೇ ಎಂಬುದೊಂದೇ ಪ್ರಶ್ನೆ. ಏಕೆಂದರೆ ಉತ್ತರ ತಪ್ಪಾದರೆ ಅದರ ಬೆಲೆಯನ್ನು ತೆರುವುದು ಪ್ರಾಣದಿಂದ.

ರಸ್ತೆಯ ಮೇಲಿನ ವಾಹನಕ್ಕೆ ನಾವು ಕೇಳುವ ಪ್ರಶ್ನೆ ಬೇರೆ. ಮೋಟಾರು ವಾಹನ ಅಧಿನಿಯಮದ 41ನೆಯ ಪ್ರಕರಣದಂತೆ ಸ್ವಂತ ಉಪಯೋಗದ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಇದರಲ್ಲಿ ಆಕ್ಷೇಪಾರ್ಹವಾದುದು ಏನೂ ಇಲ್ಲ. ಆದರೆ ಲಘು ವಾಹನದ ಈ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಂದು 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿತು; 20 ವರ್ಷ ದಾಟಿದವುಗಳಿಗೆ 2025ರಲ್ಲಿ 10,000 ರೂಪಾಯಿಗಳಾಯಿತು. ಶುಲ್ಕ ಹೀಗೆ ಏರಿದಂತೆ ಪರೀಕ್ಷೆಯೂ ಅಷ್ಟೇ ಆಳವಾಗಿದ್ದರೆ ಹಣ ಕಟ್ಟಲು ನನ್ನ ಅಡ್ಡಿಯಿರಲಿಲ್ಲ. ಹಾಗಾಗಲಿಲ್ಲವೆಂಬುದೇ ನನ್ನ ದೂರು. ಏರಿಕೆಯ ಆಶಯವು ಹಳೆಯ ಗಾಡಿಯನ್ನು ಗುಜರಿಗೆ ಹಾಕುವಂತೆ ಒಡೆಯನನ್ನು ಒತ್ತಾಯಿಸುವುದಾಗಿದೆಯೇ ಹೊರತು, ಗಾಡಿಯ ತಳಕ್ಕೆ ಇಳಿದು ನೋಡುವುದಾಗಿಲ್ಲ. ಇನ್ನು 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮವಾದರೋ 50 ವರ್ಷ ತುಂಬಿದವುಗಳಿಗೆ ಮಾತ್ರ ಅನ್ವಯಿಸುತ್ತದೆ. ಹಾಗೆ ಗೌರವ ಪಡೆದ ವಾಹನವನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮೊದಲಾದ ಕೆಲವು ಕಾರಣಗಳಿಗಲ್ಲದೆ ರಸ್ತೆಗೆ ತರುವಂತಿಲ್ಲ. ಹದಿನೈದಕ್ಕೂ ಐವತ್ತಕ್ಕೂ ನಡುವಣ ಮೂವತ್ತೈದು ವರ್ಷಗಳಲ್ಲಿ, ಒಡೆಯನ ಶ್ರದ್ಧೆಯಿಂದ ಸುಸ್ಥಿತಿಯಲ್ಲಿರುವ ವಾಹನವನ್ನೂ ಅನಾದರದಿಂದ ಕೊಳೆತ ವಾಹನವನ್ನೂ ಬೇರೆಬೇರೆಯಾಗಿ ಕಾಣುವ ಕಣ್ಣು ನಮ್ಮ ವ್ಯವಸ್ಥೆಗೆ ಇಲ್ಲ. ಜರ್ಮನಿಯಲ್ಲಿ 30 ವರ್ಷ ದಾಟಿದ ವಾಹನವನ್ನು ತಜ್ಞರು ಪರಿಶೀಲಿಸಿ, ಅದು ಮೂಲಸ್ಥಿತಿಯಲ್ಲಿ ಚೆನ್ನಾಗಿ ಉಳಿದಿದೆಯೆಂದು ಒಪ್ಪಿದರೆ, ವಿಶೇಷ ಸಂಖ್ಯಾಫಲಕವನ್ನೂ ತೆರಿಗೆಯಲ್ಲಿ ರಿಯಾಯಿತಿಯನ್ನೂ ಕೊಡುತ್ತಾರೆ. ಅಲ್ಲಿ ವಯಸ್ಸು ಅರ್ಜಿ ಹಾಕಲು ಬೇಕಾದ ಅರ್ಹತೆ. ನಿರ್ಣಯ ಮಾತ್ರ ಸ್ಥಿತಿಯನ್ನು ಅವಲಂಬಿಸಿದುದು.

ನನ್ನ ಗಾಡಿಯ ವಂಶವೂ ಆ ದೇಶದ್ದೇ. ಬಜಾಜ್ ಟೆಂಪೋ ಕಂಪೆನಿಯು 1987ರಲ್ಲಿ ಮಾರುಕಟ್ಟೆಗೆ ತಂದ ಟ್ರಾವೆಲರು ಮರ್ಸಿಡಿಸ್ ಬೆಂಜ್ ಕಂಪೆನಿಯ ವ್ಯಾನೊಂದರ ವಿನ್ಯಾಸವನ್ನು ಅನುಸರಿಸಿದುದು. ಅದರ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನೂ ಬೆಂಜ್ ಪರವಾನಗಿಯಿಂದ ಇಲ್ಲಿ ತಯಾರಾದುದು. ವೇಗ ಅದರ ಗುಣವಲ್ಲ. ಕಾಲಕಾಲಕ್ಕೆ ಎಣ್ಣೆ ಬದಲಿಸಿ, ಡೀಸೆಲ್ ಫಿಲ್ಟರನ್ನು ಶುದ್ಧವಾಗಿಟ್ಟು, ನೀರು ಕಾಯದಂತೆ ರೇಡಿಯೇಟರನ್ನು ನೋಡಿಕೊಂಡರೆ ಆ ಎಂಜಿನು ಲಕ್ಷಾಂತರ ಕಿಲೋಮೀಟರುಗಳನ್ನು ನಿರಾತಂಕವಾಗಿ ಕ್ರಮಿಸಬಲ್ಲದು, ಮತ್ತು ಅದರ ಬಿಡಿಭಾಗಗಳು ಇಂದಿಗೂ ಜಿಲ್ಲೆಯ ಯಾವ ಊರಿನಲ್ಲಾದರೂ ಸಿಕ್ಕುತ್ತವೆ. ಹಳೆಯ ಮನೆಗಾಡಿ ಎಂಜಿನಿನಿಂದ ಸಾಯುವುದು ಅಪರೂಪ. ಅದು ಸಾಯುವುದು ತಗಡಿನಿಂದ.

ಉಪ್ಪು ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ, ಉಪ್ಪಿನ ತೆಳುಪದರ ಕುಳಿತ ಕಬ್ಬಿಣವು ಮಳೆಯಿಲ್ಲದ ಮಾಸದಲ್ಲಿಯೂ ಒದ್ದೆಯಾಗಿಯೇ ಇರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಮೇಲಿನ ಬಣ್ಣವು ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ಕಂಡ ಹೊತ್ತಿಗೆ ಒಳಗೆ ಅರ್ಧ ಕೆಲಸ ಮುಗಿದಿರುತ್ತದೆ. ಮನೆಗಾಡಿಗೆ ಇದರ ಮೇಲೊಂದು ವಿಶೇಷ ಅಪಾಯವುಂಟು: ಸಾಧಾರಣ ವ್ಯಾನಿನಲ್ಲಿ ಕಣ್ಣಿಗೆ ಕಾಣುವ ಒಳತಗಡು ಇಲ್ಲಿ ಪ್ಲೈವುಡ್ಡಿನ ಹಿಂದೆ ಮರೆಯಾಗಿರುತ್ತದೆ, ಆ ಮರೆಯಲ್ಲಿಯೇ ನೀರಿನ ಪೈಪು ಹಾದುಹೋಗಿರುತ್ತದೆ, ಮತ್ತು ಒಳಗೆ ಮಲಗಿದವರ ಉಸಿರಿನ ತೇವವೆಲ್ಲ ರಾತ್ರಿ ಆ ತಣ್ಣನೆಯ ತಗಡಿನ ಮೇಲೆ ಹನಿಗಟ್ಟುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ ಸಿಂಕಿನ ಕೆಳಗಿನ ಹಲಗೆಯನ್ನು ಬಿಚ್ಚಿಸಿ ನೋಡಿದಾಗ, ಹೊರಗಡೆ ಬಣ್ಣ ಹೊಳೆಯುತ್ತಿದ್ದ ಚಕ್ರದ ಕಮಾನಿನ ಒಳಮೈ ಬೆರಳಿಗೆ ಹಪ್ಪಳದಂತೆ ಎದ್ದು ಬರುತ್ತಿತ್ತು. ವೆಲ್ಡಿಂಗ್ ಮೇಸ್ತ್ರಿಗಳು ಸಣ್ಣ ಸುತ್ತಿಗೆಯಿಂದ ಚಾಸಿಸ್ಸಿನ ಉದ್ದಕ್ಕೂ ತಟ್ಟುತ್ತ ಹೋದರು. ಗಟ್ಟಿ ಇದ್ದಲ್ಲಿ ಟಣ್ಣೆಂಬ ಶಬ್ದ, ಕೊಳೆತಲ್ಲಿ ದಬ್ಬೆಂಬ ಮಂದ ಶಬ್ದ. ದಬ್ಬೆಂದ ಕಡೆಯಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಯ ತಗಡನ್ನು ಗಟ್ಟಿ ಲೋಹ ಸಿಕ್ಕುವ ವರೆಗೆ ಕತ್ತರಿಸಿ ತೆಗೆದು, ಹೊಸ ತುಂಡನ್ನು ಬೆಸೆದರು. ಪುಟ್ಟಿ ತುಂಬಿ ಮುಗಿಸಬಹುದಲ್ಲವೇ ಎಂದು ಪಕ್ಕದಲ್ಲಿ ನಿಂತಿದ್ದ ಒಬ್ಬರು ಕೇಳಿದಾಗ ಅವರಿತ್ತ ಉತ್ತರ ಚಿಕ್ಕದು: “ಪುಟ್ಟಿ ನೋಡ್ಲಿಕ್ಕೆ ಚಂದ ಮಾರಾಯ್ರೆ, ಘಟ್ಟದಲ್ಲಿ ಅದು ಗಾಡಿಯನ್ನು ಹಿಡಿಯುವುದಿಲ್ಲ.”

ಘಟ್ಟದ ಮಾತು ಬಂದುದು ಒಳ್ಳೆಯದೇ ಆಯಿತು. ಬೆಂಗ್ರೆಯಿಂದ ಹೊರಟವನಿಗೆ ಎದುರು ದಡದ ಬಂದರು ಫೆರಿಯಲ್ಲಿ ಕೆಲವೇ ನಿಮಿಷಗಳ ದಾರಿಯಾದರೂ, ಗಾಡಿಯನ್ನು ತೆಗೆದುಕೊಂಡು ಹೋಗಬೇಕಾದರೆ ತಣ್ಣೀರುಬಾವಿಯ ದಾರಿಯಲ್ಲಿ ಉತ್ತರಕ್ಕೆ ನಡೆದು, ಬಂದರಿನ ಲಾರಿಗಳ ನಡುವೆ ನುಸುಳಿ, ಕೂಳೂರು ಸೇತುವೆಯನ್ನು ದಾಟಿ ಬಳಸಿ ಬರಬೇಕು. ಅಲ್ಲಿಂದ ಮುಂದೆ ಮೂಡಣಕ್ಕೆ ಎಲ್ಲಿಗೆ ಹೋಗುವುದಾದರೂ ಶಿರಾಡಿಯೋ ಚಾರ್ಮಾಡಿಯೋ ಸಂಪಾಜೆಯೋ ಒಂದು ಘಟ್ಟ ಎದುರಾಗಿಯೇ ಆಗುತ್ತದೆ. ಹತ್ತುವಾಗ ಅವಸರಪಡದೆ ಹಿಂದಿನ ವಾಹನಗಳಿಗೆ ದಾರಿ ಬಿಡುತ್ತ ಎರಡನೆಯ ಗೇರಿನಲ್ಲಿ ಹತ್ತುವುದು, ಇಳಿಯುವಾಗಲೂ ಅದೇ ಗೇರಿನಲ್ಲಿ ಎಂಜಿನಿನ ತಡೆಯನ್ನು ನಂಬಿ ಇಳಿಯುವುದು, ಇದು ಹಳೆಯ ಡ್ರೈವರುಗಳೆಲ್ಲರೂ ಬಲ್ಲ ನಿಯಮ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು, ತೇವ ಸೇರಿದ ಎಣ್ಣೆ ಕಡಮೆ ಶಾಖಕ್ಕೇ ಕುದಿಯುವುದು, ಕುದಿದಾಗ ಪೆಡಲು ಪೊಳ್ಳಾಗಿ ಕೆಳಗಿಳಿಯುವುದು, ಇವುಗಳನ್ನು ಬಲ್ಲವರು ಮಾತ್ರ ಕಡಿಮೆ. ಕರಾವಳಿಯ ಗಾಡಿಗೆ ಎರಡು ವರ್ಷಗಳಿಗೊಮ್ಮೆ ಅದನ್ನು ತಪ್ಪದೆ ಬದಲಿಸತಕ್ಕದ್ದು. ಟಯರಿನ ವಿಷಯವೂ ಹಾಗೆಯೇ: ವರ್ಷದ ಬಹುಭಾಗ ನಿಂತೇ ಇರುವ ಮನೆಗಾಡಿಯ ಟಯರು ಸವೆಯುವುದಕ್ಕೆ ಮೊದಲೇ ಒಣಗಿ ಬಿರುಕು ಬಿಡುತ್ತದೆಯಾದ್ದರಿಂದ, ಅದರ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು, ಎಂದರೆ ತಯಾರಾದ ವಾರವನ್ನೂ ವರ್ಷವನ್ನೂ, ಓದುವ ಅಭ್ಯಾಸ ಬೇಕು. ಒಲೆಯ ಗ್ಯಾಸು ಗಾಳಿಗಿಂತ ಭಾರವಾದುದರಿಂದ ಸಿಲಿಂಡರಿಟ್ಟ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು.

ಇಷ್ಟೆಲ್ಲ ತೊಡಕಿನ ಹಳೆಯದೇಕೆ, ಹೊಸದನ್ನು ಕೊಳ್ಳಬಾರದೇ ಎಂದು ಕೇಳುವವರುಂಟು. ಹೊಸ ಕ್ಯಾರವಾನಿನ ಬೆಲೆಯು ನಿವೃತ್ತ ಶಿಕ್ಷಕನಿಗೂ ಸಣ್ಣ ಅಂಗಡಿಯವನಿಗೂ ನಿಲುಕುವಂಥದಲ್ಲ. ಪದೇ ಪದೇ ಶೌಚಕ್ಕೆ ಹೋಗಬೇಕಾದ ವೃದ್ಧ ತಾಯಿಯನ್ನು ಕೊಲ್ಲೂರಿಗೋ ಸುಬ್ರಹ್ಮಣ್ಯಕ್ಕೋ ಕರೆದೊಯ್ಯಬೇಕಾದ ಮಗ, ಉತ್ಸವದ ದಿನಗಳಲ್ಲಿ ಛತ್ರದ ಕೋಣೆಗಾಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಸರದಿಯಲ್ಲಿ ನಿಲ್ಲಬೇಕಾದ ದಂಪತಿಗಳು, ದಾರಿಯಲ್ಲಿ ಶುಚಿಯಾದ ಸ್ಥಳ ಸಿಕ್ಕದೆಂಬ ಭಯದಿಂದ ಪ್ರಯಾಣವನ್ನೇ ಬಿಟ್ಟ ಅಕ್ಕಂದಿರು, ಇವರಿಗೆ ಶೌಚದ ಏರ್ಪಾಡೂ ಇರುವ ಹಳೆಯದೊಂದು ಸಣ್ಣ ಮನೆಗಾಡಿ ಎಷ್ಟು ದೊಡ್ಡ ಉಪಕಾರವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ವಿಲಾಸವೆಂದು ನಾನು ಒಪ್ಪಲಾರೆ.

ಹೊಗೆಯ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಎಂಜಿನಿಗೆ ಹೋಲಿಸಿದರೆ ಹಳೆಯ ಡೀಸೆಲ್ ಎಂಜಿನು ಕಿಲೋಮೀಟರಿಗೆ ಹೆಚ್ಚು ಮಸಿ ಉಗುಳುತ್ತದೆಂಬುದು ಸತ್ಯ. ವರ್ಷದಲ್ಲಿ ಕೆಲವೇ ಸಾವಿರ ಕಿಲೋಮೀಟರು ಓಡುವ ಮನೆಗಾಡಿಯ ಒಟ್ಟು ಹೊಗೆಯು ಹಗಲಿರುಳು ದುಡಿಯುವ ಲಾರಿಯದಕ್ಕೆ ಸಮವಲ್ಲವೆಂಬುದೂ ಅಷ್ಟೇ ಸತ್ಯ. ನಾಝಲ್ಲುಗಳನ್ನೂ ಡೀಸೆಲ್ ಪಂಪನ್ನೂ ಸರಿಪಡಿಸದೆ ಕಪ್ಪು ಹೊಗೆ ಬಿಡುತ್ತ ಓಡಾಡುವ ಗಾಡಿಯನ್ನು, ಅದು ಐದು ವರ್ಷದ್ದಾದರೂ ನಿಲ್ಲಿಸಬೇಕು. ಹೊಗೆ ತಪಾಸಣೆಯ ಚೀಟಿಯನ್ನು ಹೊಗೆ ನೋಡಿಯೇ ಕೊಡಬೇಕು.

ಕಾಗದದ ಶುದ್ಧಿಯನ್ನೂ ಕೊಳ್ಳುವವರು ಗಮನಿಸತಕ್ಕದ್ದು. ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವನ್ನು ವ್ಯಾಖ್ಯಾನಿಸುತ್ತ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಆದರೆ ಸ್ವಂತ ಉಪಯೋಗದ ಕ್ಯಾಂಪರ್ ವ್ಯಾನ್ ಎಂಬ ವರ್ಗವೇ ಕೇಂದ್ರ ಸರಕಾರದ ಪಟ್ಟಿಯಲ್ಲಿ ಇರುವುದರಿಂದ, ಗಾಡಿ ಆ ವರ್ಗದಲ್ಲಿಯೇ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ನೋಂದಣಿ ಪತ್ರದಲ್ಲಿ ಒಂದು, ಗಾಡಿಯೊಳಗೆ ಇನ್ನೊಂದು ಆಗಿದ್ದರೆ ಅಪಘಾತದ ದಿನ ವಿಮೆಯವರ ಎದುರು ಮಾತು ಉಳಿಯುವುದಿಲ್ಲ.

ತಂಗುವ ಸ್ಥಳದ ವಿಷಯದಲ್ಲಿ ನೆರೆಯ ಕೇರಳವು ಮುಂದೆ ಹೋಗಿದೆ. 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿಯನ್ನು ಪ್ರಕಟಿಸಿದ ಆ ರಾಜ್ಯದಲ್ಲಿ ಮರುವರ್ಷವೇ ವಾಗಮಣ್ಣಿನಲ್ಲಿ ಮೊದಲ ಕ್ಯಾರವಾನ್ ಪಾರ್ಕು ತೆರೆಯಿತು. ನಮಗೆ ಅಂಥ ವೈಭವವೂ ಬೇಡ. ತಣ್ಣೀರುಬಾವಿಯ ದಾರಿಯ ಬದಿಯಲ್ಲಿ, ಮರಳಿನಿಂದ ದೂರವಾಗಿ, ಕುಡಿಯುವ ನೀರಿನ ನಲ್ಲಿ, ಕೊಳೆನೀರನ್ನು ಚರಂಡಿಗೆ ಸೇರಿಸುವ ಗುಂಡಿ, ರಾತ್ರಿಗೊಂದು ದೀಪ, ಇಷ್ಟಿದ್ದು ಮಹಾನಗರಪಾಲಿಕೆಯು ಮಿತವಾದ ಬಾಡಿಗೆ ಪಡೆದರೆ ಸಾಕು. ಹಾಗೆ ಗೊತ್ತಾದ ಸ್ಥಳವಿಲ್ಲದಿರುವುದರಿಂದಲೇ ಹೊರಗಿನಿಂದ ಬಂದ ಗಾಡಿಗಳು ಕಡಲದಂಡೆಗೆ ಇಳಿದು, ಬಲೆ ಹರಡುವ ಜಾಗದಲ್ಲಿ ನಿಂತು, ಸಾಬೂನುನೀರನ್ನು ಅಲ್ಲಿಯೇ ಚೆಲ್ಲಿ ಹೋಗುವುದು. ಈ ದಂಡೆ ಮೀನುಗಾರರ ಕೆಲಸದ ಅಂಗಳ. ಅಲ್ಲದೆ ಈ ತೀರದ ಮರಳಿನಲ್ಲಿ 2024ರ ಆರಂಭದಲ್ಲಿ ಕಡಲಾಮೆಗಳು ಮೊಟ್ಟೆಯಿಟ್ಟುದನ್ನು ಅರಣ್ಯ ಇಲಾಖೆಯವರು ಕಾಪಾಡಿದರು. ಚಕ್ರಕ್ಕೂ ಹೆಡ್‌ಲೈಟಿಗೂ ಅಲ್ಲಿ ಎಡೆಯಿರಬಾರದು.

ಸಾರಿಗೆ ಇಲಾಖೆಯನ್ನು ನಾನು ಕೇಳುವುದು ಇದು. ಹದಿನೈದು ವರ್ಷ ದಾಟಿದ ವಾಹನವನ್ನು ಐದು ವರ್ಷಗಳಿಗೊಮ್ಮೆ ನೋಡುವುದು ಬೆಟ್ಟದ ಊರಿಗೆ ಸಾಲಬಹುದು, ಕರಾವಳಿಯ ಮೂರು ಜಿಲ್ಲೆಗಳಿಗೆ ಸಾಲದು. ಇಲ್ಲಿ ಪ್ರತಿ ವರ್ಷ, ಮುಂಗಾರಿಗೆ ಮೊದಲು, ಮೇ ತಿಂಗಳಿನಲ್ಲಿ ನೋಡಿರಿ. ಬ್ರೇಕನ್ನೂ ಹೆಡ್‌ಲೈಟನ್ನೂ ಹೊಗೆಯನ್ನೂ ಯಂತ್ರ ಅಳೆಯಲಿ. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು, ಸುತ್ತಿಗೆ ಹಿಡಿದು ಚಾಸಿಸ್ಸನ್ನು ತಟ್ಟಿ ನೋಡುವ ಕೆಲಸವನ್ನು ತುಕ್ಕು ಬಲ್ಲ ಒಬ್ಬ ಮೇಸ್ತ್ರಿಗೆ ಒಪ್ಪಿಸಿರಿ, ಅವನ ಸಂಬಳಕ್ಕಾಗಿ ನಮ್ಮ ಶುಲ್ಕವನ್ನು ವಿನಿಯೋಗಿಸಿರಿ. ಗೆದ್ದ ಗಾಡಿಯ ಶುಲ್ಕವನ್ನು ಮುಂದಿನ ವರ್ಷ ಇಳಿಸಿರಿ, ಒಡೆಯನಿಗೆ ಆರೈಕೆಯಲ್ಲಿ ಆಸಕ್ತಿ ಹುಟ್ಟುತ್ತದೆ. ಸೋತ ಗಾಡಿಗೆ ದುರಸ್ತಿಗಾಗಿ ಮಳೆಗಾಲದ ಎರಡು ತಿಂಗಳ ಅವಧಿ ಕೊಡಿರಿ; ಆಗಸ್ಟಿನಲ್ಲಿ ಎರಡನೆಯ ಸಲವೂ ಸೋತರೆ ಅದನ್ನು ಗುಜರಿಗೆ ಕಳುಹಿಸಿರಿ. ಅದು ನನ್ನ ಗಾಡಿಯೇ ಆಗಿದ್ದರೂ ನಾನು ಮನವಿ ಸಲ್ಲಿಸಲಾರೆ.