ಆಫ್ರಿಕದ ನಗರಗಳೂ ಚರ್ಚಿನ ಬಾಗಿಲೂ

ಇಂದು ಜಗತ್ತಿನಲ್ಲಿ ಅತ್ಯಂತ ವೇಗವಾಗಿ ನಗರವಾಸಿಯಾಗುತ್ತಿರುವ ಖಂಡ ಆಫ್ರಿಕ. ಹಳ್ಳಿಯನ್ನು ತೊರೆದು ಲಾಗೋಸಿಗೋ ನೈರೋಬಿಗೋ ಬಂದಿಳಿದವನಿಗೆ ಅಲ್ಲಿ ಕುಲದ ಹಿರಿಯರಿಲ್ಲ, ಕಷ್ಟಸುಖ ಕೇಳುವ ನೆರೆಹೊರೆಯಿಲ್ಲ. ಸರಕಾರದ ನಲ್ಲಿಯೂ ದೀಪವೂ ಎಷ್ಟೋ ವೇಳೆ ಆತನ ಬೀದಿಯನ್ನು ಮುಟ್ಟಿರುವುದಿಲ್ಲ. ಈ ತೆರವನ್ನು ಅನೇಕ ಕಡೆ ತುಂಬಿರುವುದು ಕ್ರೈಸ್ತ ಚರ್ಚು. ಪ್ರಾರ್ಥನೆಯೊಡನೆ ಶಾಲೆ, ಆಸ್ಪತ್ರೆ, ಸಾವುನೋವಿಗೆ ನೆರವು ಎಲ್ಲವೂ ಅದರ ಅಂಗಳದಲ್ಲಿಯೇ. ಆದುದರಿಂದ ಚರ್ಚು ನಗರಕ್ಕೆ ಏನನ್ನು ಕೊಟ್ಟಿತೆಂಬ ಪ್ರಶ್ನೆಯನ್ನು ಕೇವಲ ಮತಶ್ರದ್ಧೆಯ ಮಾತೆಂದು ಬದಿಗಿಡಲಾಗದು. ಅದರ ಬಾಗಿಲು ಯಾರಿಗೆ ತೆರೆಯಿತು ಎಂದು ನೋಡಿದರೆ ಉತ್ತರ ದೊರಕೀತೆಂದು ನನ್ನ ಅಭಿಪ್ರಾಯ.

ಜೋಹಾನ್ಸ್‌ಬರ್ಗಿನ ಕಪ್ಪು ಜನರನ್ನು ನಗರದ ಹೊರಗಿರಿಸಲು ವರ್ಣಭೇದ ನೀತಿ ಬೆಳೆಸಿದ ಬಡಾವಣೆ ಸೊವೆಟೊ. ಆಫ್ರಿಕಾನ್ಸ್ ಭಾಷೆಯನ್ನು ಬೋಧನಮಾಧ್ಯಮವಾಗಿ ಹೇರಿದುದನ್ನು ಪ್ರತಿಭಟಿಸಿ 1976ರ ಜೂನ್ 16ರಂದು ಅಲ್ಲಿಯ ವಿದ್ಯಾರ್ಥಿಗಳು ಬೀದಿಗಿಳಿದರು. ಪೋಲೀಸರ ಗುಂಡಿಗೆ ಬೆದರಿ ಅನೇಕರು ರೆಜೀನಾ ಮುಂಡಿ ಎಂಬ ಕ್ಯಾಥೊಲಿಕ್ ಚರ್ಚನ್ನು ಹೊಕ್ಕರು. ಪೋಲೀಸರು ಅಲ್ಲಿಗೂ ನುಗ್ಗಿದರು. ಗುಂಡಿನ ಗುರುತುಗಳು ಆ ಕಟ್ಟಡದಲ್ಲಿ ಇಂದಿಗೂ ಉಳಿದಿವೆ. ರಾಜಕೀಯ ಸಭೆಗಳಿಗೆ ನಿಷೇಧವಿದ್ದಾಗ ಅಲ್ಲಿಯ ಶವಸಂಸ್ಕಾರದ ಪ್ರಾರ್ಥನೆಯೇ ಜನರ ಸಭೆಯಾಯಿತು.

ಕೀನ್ಯದ ರಾಜಧಾನಿ ನೈರೋಬಿಯಲ್ಲಿ 1992ರ ಫೆಬ್ರವರಿಯ ಕೊನೆಗೆ ರಾಜಕೀಯ ಕೈದಿಗಳ ತಾಯಂದಿರು ಊಹುರು ಉದ್ಯಾನದಲ್ಲಿ ಉಪವಾಸ ಕುಳಿತರು. ವಂಗಾರಿ ಮಾಥಾಯ್ ಅವರ ಜೊತೆಗಿದ್ದರು. ಪೋಲೀಸರು ಲಾಠಿ ಬೀಸಿ ಚದುರಿಸಿದಾಗ ಮಾಥಾಯ್ ಪೆಟ್ಟು ತಿಂದು ಪ್ರಜ್ಞೆ ತಪ್ಪಿದರು. ಬ್ರಿಟಿಷರ ಆಳ್ವಿಕೆಯಲ್ಲಿ ಎದ್ದುನಿಂತ ಆಲ್ ಸೇಂಟ್ಸ್ ಕೆಥೆಡ್ರಲ್ ಆ ತಾಯಂದಿರನ್ನು ಒಳಗೆ ಕರೆದುಕೊಂಡಿತು. ಸುಮಾರು ಒಂದು ವರ್ಷ ಅವರು ಅಲ್ಲಿದ್ದರು; 1993ರ ಆರಂಭದ ಹೊತ್ತಿಗೆ ಅವರ ಮಕ್ಕಳಲ್ಲಿ ಬಹುಮಂದಿ ಬಿಡುಗಡೆಯಾಗಿದ್ದರು. ಆಳುವವರಿಗಾಗಿ ಕಟ್ಟಿದ ಮಂದಿರ ಆಳಿಸಿಕೊಂಡವರ ಮನೆಯಾದುದು ಹೀಗೆ.

ಇನ್ನೂ ಕಠಿನವಾದ ಪರೀಕ್ಷೆ ಒದಗಿದುದು ಜೋಹಾನ್ಸ್‌ಬರ್ಗ್ ನಗರಮಧ್ಯದ ಸೆಂಟ್ರಲ್ ಮೆಥಡಿಸ್ಟ್ ಚರ್ಚಿಗೆ. ಜಿಂಬಾಬ್ವೆಯ ಹಣದುಬ್ಬರದಿಂದಲೂ ದಬ್ಬಾಳಿಕೆಯಿಂದಲೂ ಓಡಿಬಂದವರಿಗೆ ಬಿಷಪ್ ಪಾಲ್ ವೆರಿನ್ ಅದರ ಬಾಗಿಲು ತೆರೆದರು. ಮೆಟ್ಟಿಲುಗಳ ಮೇಲೂ ಜನ ಮಲಗಿದರು. 2008ರ ಮೇ ತಿಂಗಳಲ್ಲಿ ಪರದೇಶದವರ ಮೇಲೆ ಹಲ್ಲೆಗಳು ನಡೆದಾಗ ಅವರ ಸಂಖ್ಯೆ ಮತ್ತೂ ಏರಿತು. ಇಕ್ಕಟ್ಟು, ಕೊಳಕು, ಅಪರಾಧ ಎಂಬ ದೂರುಗಳೆದ್ದವು. 2014ರ ಕೊನೆಗೆ ಆಶ್ರಯ ಮುಗಿಯಿತು. ದೂರುಗಳು ನಿರಾಧಾರವಾಗಿರಲಿಲ್ಲ. ಆದರೂ ಅಂತಹ ಸಿರಿವಂತ ನಗರದಲ್ಲಿ ಬೇರೊಂದು ಸೂರನ್ನು ತೋರಿಸಲಾರದವರು ಈ ಸೂರಿನ ಕೊಳಕನ್ನು ಎತ್ತಿ ಆಡುವುದು ನ್ಯಾಯವೇ? ಆಪತ್ತಿಗಾದವನೇ ನೆಂಟ.

ನೈಜೀರಿಯದ ಕಥೆ ಬೇರೆ ಬಗೆಯದು. 1952ರಲ್ಲಿ ಜೋಸೈಯ ಅಕಿಂದಯೋಮಿ ಸ್ಥಾಪಿಸಿದ ರಿಡೀಮ್ಡ್ ಕ್ರಿಶ್ಚಿಯನ್ ಚರ್ಚ್ ಆಫ್ ಗಾಡ್, 1983ರಲ್ಲಿ ಲಾಗೋಸ್–ಇಬಾದಾನ್ ಹೆದ್ದಾರಿಯ ಪಕ್ಕ ಜಮೀನು ಪಡೆಯಿತು. ಅಂದಿನ ಪ್ರಾರ್ಥನಾಶಿಬಿರ ಇಂದು 'ರಿಡೆಂಪ್ಷನ್ ಸಿಟಿ' ಎಂಬ ಪಟ್ಟಣ. ಮನೆಗಳು, ರಸ್ತೆಗಳು, ಶಾಲೆಗಳು, ಬ್ಯಾಂಕುಗಳು, ಸ್ವಂತ ವಿದ್ಯುತ್ ಸ್ಥಾವರ ಎಲ್ಲವೂ ಅಲ್ಲಿವೆ. ಲಾಗೋಸಿನಲ್ಲಿ ಕರೆಂಟು ಹೋಗಿ ಜನರೇಟರುಗಳು ಗುಡುಗುವಾಗ ಇಲ್ಲಿ ದೀಪ ಉರಿಯುತ್ತದೆ. ಸರಕಾರ ಮಾಡಲಾರದುದನ್ನು ಭಕ್ತರು ಮಾಡಿ ತೋರಿಸಿದ್ದಾರೆ. ಅದನ್ನು ಹೀಗಳೆಯುವುದು ಸಲ್ಲದು.

ಆದರೆ ಒಂದು ಶಂಕೆ ಉಳಿಯುತ್ತದೆ. ನೀರಿಗಾಗಿ, ದೀಪಕ್ಕಾಗಿ ಅಧಿಕಾರಿಗಳನ್ನು ಗದರಿಸಿ ಕೇಳಬಲ್ಲ ವಿದ್ಯಾವಂತರು, ಅನುಕೂಲಸ್ಥರು ಒಬ್ಬೊಬ್ಬರಾಗಿ ಇಂತಹ ಆವರಣಗಳನ್ನು ಸೇರಿದರೆ, ಹೊರಗುಳಿದ ನಗರದ ಪರವಾಗಿ ಕೇಳುವವರು ಯಾರು? ಒಳಗಿನ ದೀಪ ಉಜ್ವಲವಾದಷ್ಟೂ ಹೊರಗಿನ ಕತ್ತಲೆ ಆಳುವವರಿಗೆ ಹಗುರವಾಗಿ ಕಾಣತೊಡಗುತ್ತದೆ.

ಚರ್ಚು ಪುರಸಭೆಯಲ್ಲ, ತನ್ನ ಸಭಿಕರನ್ನು ನೋಡಿಕೊಳ್ಳುವುದೇ ಅದರ ಮೊದಲ ಧರ್ಮ ಎಂದು ಕೆಲವರು ವಾದಿಸಬಹುದು. ಮೊದಲ ಧರ್ಮವಿರಬಹುದು, ಕೊನೆಯದಾಗಬಾರದು. ಸೊವೆಟೊದಲ್ಲಿ ಓಡಿಬಂದ ಹುಡುಗನನ್ನು ನೀನು ಯಾವ ಪಂಥದವನೆಂದು ಬಾಗಿಲಲ್ಲಿ ಯಾರೂ ಕೇಳಲಿಲ್ಲ. ರಿಡೆಂಪ್ಷನ್ ಸಿಟಿಯನ್ನು ಕಟ್ಟಬಲ್ಲ ಶಕ್ತಿ ಲಾಗೋಸಿನ ಕತ್ತಲ ಓಣಿಗಳ ಪರವಾಗಿಯೂ ದನಿಯೆತ್ತಿದರೆ, ಆ ನಗರಕ್ಕೆ ಅದಕ್ಕಿಂತ ದೊಡ್ಡ ಕಾಣಿಕೆ ಇನ್ನೊಂದಿರದು.