‘ಗುಂಪಿನ ಹಲಗೆ’ ಅಂದ್ರೆ ಎಂತ ಮಾರಾಯ್ರೆ?

(ಕನ್ನಡದಲ್ಲಿ ಬಿಕಾಂ, ಭಾಗ 4)

ಕಳೆದ ವಾರ ಜೂನಿಯರ್ ಒಬ್ಬಳು ಮ್ಯಾನೇಜ್‌ಮೆಂಟ್ ಗೈಡ್ ಹಿಡ್ಕೊಂಡು ಬಂದ್ಲು. ಬೆಳ್ತಂಗಡಿ ಕಡೆಯವಳು, ಪಿಯುಸಿವರೆಗೆ ಕನ್ನಡ ಮೀಡಿಯಂ. ಫಯೋಲ್‌ನ 14 ತತ್ವಗಳ ಪಾಠದಲ್ಲಿ ‘ಗುಂಪಿನ ಹಲಗೆ’ ಅಂತ ಉಂಟು. ಬಾಯಿಪಾಠ ಮಾಡಿದ್ದಾಳೆ, ಅರ್ಥ ಆಗಿಲ್ಲ. ನನಗೂ ಆಗ್ಲಿಲ್ಲ. ಇಂಗ್ಲಿಷ್ ಪುಸ್ತಕ ತೆಗೆದು ನೋಡಿದ್ರೆ, ಗ್ಯಾಂಗ್ ಪ್ಲ್ಯಾಂಕ್! ಗ್ಯಾಂಗ್ ಅಂದ್ರೆ ಗುಂಪು, ಪ್ಲ್ಯಾಂಕ್ ಅಂದ್ರೆ ಹಲಗೆ. ಮುಗೀತು ಅನುವಾದ.

ಹೆನ್ರಿ ಫಯೋಲ್ ಇದನ್ನು ಬರೆದದ್ದು ಫ್ರೆಂಚಿನಲ್ಲಿ, 1916ರಲ್ಲಿ. ಅವನ ಪದ ‘ಪಾಸರೆಲ್’. ಅಂದ್ರೆ ನಮ್ಮ ಕಾಲುಸಂಕ! ಒಂದು ವಿಭಾಗದವನು ಇನ್ನೊಂದು ವಿಭಾಗದ ತನ್ನ ಸಮಾನನ ಹತ್ರ ಅರ್ಜೆಂಟ್ ಮಾತಾಡ್ಲಿಕ್ಕೆ ಮೇಲಿನ ತನಕ ಹತ್ತಿ ಇಳಿಯೋದು ಬೇಡ, ಮೇಲಧಿಕಾರಿಗಳ ಒಪ್ಪಿಗೆ ಇದ್ರೆ ಅಡ್ಡಕ್ಕೆ ಒಂದು ಸಂಕ ಹಾಕಿ ಅಂತ. ಮಳೆಗಾಲದಲ್ಲಿ ತೋಡು ದಾಟಿ ಶಾಲೆಗೆ ಹೋದ ಹುಡುಗಿಗೆ ಇದನ್ನು ಎರಡು ಸಲ ಹೇಳ್ಬೇಕಾ?

“ಎರಡು ಭಾಷೆ ಬಂದ್ರೆ ಸಾಕು, ಯಾರೂ ಅನುವಾದ ಮಾಡ್ಬಹುದು” ಅನ್ನುವವರೇ, ಇಂಗ್ಲಿಷಿನವರೂ ಫಯೋಲ್‌ನನ್ನು ಓದಿದ್ದು ಅನುವಾದದಲ್ಲೇ. 1949ರಲ್ಲಿ ಕಾನ್‌ಸ್ಟೆನ್ಸ್ ಸ್ಟಾರ್ಸ್ ಅವನ ‘ಅಡ್ಮಿನಿಸ್ಟ್ರೇಷನ್’ ಅನ್ನು ‘ಮ್ಯಾನೇಜ್‌ಮೆಂಟ್’ ಮಾಡಿದ್ದು ಸರಿಯಾ ಅಂತ ಪಂಡಿತರು ಚರ್ಚೆ ಮಾಡಿದ್ದಾರೆ. ಅಲ್ಲಿ ಒಂದು ಪದಕ್ಕೆ ಅಷ್ಟು ಜಗಳ. ನಮಗೆ ಡಿಕ್ಷನರಿ ಸಾಕಂತೆ.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ರಾಷ್ಟ್ರೀಯ ಅನುವಾದ ಮಿಷನ್ ಉಂಟು, ಎಐಸಿಟಿಇಯ ‘ಅನುವಾದಿನಿ’ ಎಂಬ ಎಐ ಟೂಲ್ ಉಂಟು. ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ಮೆಷಿನ್ ಕೊಟ್ಟದ್ದನ್ನು ವ್ಯವಹಾರ ಗೊತ್ತಿದ್ದವರು ಕೂತು ತಿದ್ದದಿದ್ರೆ ಹೊಸ ಹೊಸ ಹಲಗೆಗಳು ಬರ್ತಾ ಇರ್ತವೆ.

ಅಂಥವರು ಸಿಗುದಿಲ್ಲ ಅನ್ಬೇಡಿ. ಬಂಟ್ವಾಳದಲ್ಲೋ ಮೂಡುಬಿದಿರೆಯಲ್ಲೋ ಯಾವುದಾದ್ರೂ ಸಹಕಾರಿ ಸಂಘದ ರಿಟೈರ್ಡ್ ಸೆಕ್ರೆಟರಿಯನ್ನು ಕೇಳಿ. ಠರಾವು, ನಡಾವಳಿ, ಖಿರ್ದಿ, ಅಢಾವೆ ಪತ್ರಿಕೆ ಎಲ್ಲ ಅವರ ನಾಲಗೆ ತುದಿಯಲ್ಲಿ ಉಂಟು. ನಮ್ಮ ಗೈಡಿನಲ್ಲಿ ಅದರಲ್ಲಿ ಒಂದೂ ಇಲ್ಲ. ಅವರನ್ನೂ ಒಬ್ಬ ಕಾಮರ್ಸ್ ಲೆಕ್ಚರರನ್ನೂ ಒಟ್ಟಿಗೆ ಕೂರಿಸಿ, ಪುಟಕ್ಕೆ ಇಷ್ಟು ಅಂತ ದುಡ್ಡು ಕೊಡಿ. “ಕನ್ನಡ ಸೇವೆ” ಅಂತ ಹೇಳಿ ಪುಕ್ಕಟೆ ಮಾಡಿಸ್ಬೇಡಿ. ಪ್ರಿಂಟಿಂಗ್ ಪ್ರೆಸ್‌ನವರು ಪುಕ್ಕಟೆ ಮಾಡ್ತಾರಾ?

ಜೂನಿಯರ್‌ಳ ಗೈಡಿನಲ್ಲಿ ‘ಗುಂಪಿನ ಹಲಗೆ’ ಹೊಡೆದು ‘ಕಾಲುಸಂಕ’ ಅಂತ ಬರೆದುಕೊಟ್ಟೆ. ಪೇಪರ್ ನೋಡುವವರು ಮಾರ್ಕ್ ಕೊಡ್ತಾರಾ ಅಂತ ಕೇಳಿದ್ಲು. ಬ್ರಾಕೆಟ್‌ನಲ್ಲಿ ಇಂಗ್ಲಿಷೂ ಹಾಕು ಅಂತ ಹೇಳಿದ್ದೇನೆ.

#ಕನ್ನಡಮಾಧ್ಯಮ #ಬಿಕಾಂ #ಕಾಲುಸಂಕ